ಪ್ರಬಂಧಕ್ಕೆ ಎಷ್ಟು ಅಂಕ ಕೊಡಲಿ? (ಲಸಿಕೆ, ಓದು, ದೇವರು)

ಹಾಸನದ ಟೀಚರ್ · ಮಂಗಳವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಪೇಚಿಗೆ ಸಿಕ್ಕಿಕೊಂಡಿದ್ದೇನೆ. ಒಂಬತ್ತನೇ ತರಗತಿಗೆ ಪ್ರಬಂಧ ಕೊಟ್ಟಿದ್ದೆ. ವಿಷಯ, "ಜನ ಲಸಿಕೆಯನ್ನು ಏಕೆ ಬೇಡ ಎನ್ನುತ್ತಾರೆ?" ಒಟ್ಟು 34 ಮಕ್ಕಳು. ಅದರಲ್ಲಿ 29 ಮಕ್ಕಳದ್ದು ಒಂದೇ ಅಚ್ಚು. ಅನಕ್ಷರತೆ, ಮೂಢನಂಬಿಕೆ, ಮುಗಿಯಿತು. ನಾಲ್ಕು ಮಕ್ಕಳು ಒಂದು ಧರ್ಮದ ಹೆಸರನ್ನೇ ಬರೆದುಬಿಟ್ಟಿದ್ದಾರೆ. ಮನೆಯಲ್ಲಿ ಕೇಳಿದ್ದು ಇರಬೇಕು.

ಉಳಿದವಳು ಒಬ್ಬಳು. ಅವಳು ಬರೆದದ್ದನ್ನು ಹಾಗೇ ಹಾಕುತ್ತೇನೆ:

"ನಮ್ಮ ಅಜ್ಜಿಗೆ ಸಹಿ ಬರುವುದಿಲ್ಲ. ಹೆಬ್ಬೆಟ್ಟು. ಆದರೆ ನನ್ನದು, ತಮ್ಮನದು ಎರಡೂ ತಾಯಿ ಕಾರ್ಡನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಾರೆ. ಒಂದು ಚುಚ್ಚುಮದ್ದೂ ತಪ್ಪಿಸಿಲ್ಲ. ಪ್ರತಿ ಸಲ ಮಾರಮ್ಮನಿಗೆ ಕೈ ಮುಗಿದು ಕರೆದುಕೊಂಡು ಹೋಗುತ್ತಿದ್ದರಂತೆ. ನಮ್ಮ ಚಿಕ್ಕಪ್ಪ ಇಂಜಿನಿಯರ್. ಪಾಪು ಹುಟ್ಟಿದಾಗ ಆಸ್ಪತ್ರೆಯವರು ಹಾಕಿದ್ದು ಬಿಟ್ಟರೆ ಆಮೇಲೆ ಒಂದೂ ಹಾಕಿಸಿಲ್ಲ. ಆದ್ದರಿಂದ ಜನ ಏಕೆ ಬೇಡ ಎನ್ನುತ್ತಾರೆ ಎಂದು ನನಗೆ ಗೊತ್ತಿಲ್ಲ."

ಅರ್ಧ ಪುಟ. ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ. ನಮ್ಮ ಲೆಕ್ಕದ ಪ್ರಕಾರ ಹತ್ತಕ್ಕೆ ನಾಲ್ಕು ಅಂಕ ಬರುತ್ತೆ. ಆ 29 ಮಕ್ಕಳಿಗೆ ಎಂಟು, ಒಂಬತ್ತು. ಪೆನ್ನು ಕೈಯಲ್ಲಿ ಹಿಡಿದು ಎರಡು ದಿನ ಆಯಿತು. ನೀವೇ ಹೇಳಿ.

ಸುಮ್ನೆ ಒಬ್ಬ · 9:32

ಇದರಲ್ಲಿ ಪೇಚೇನು ಬಂತು ಮೇಡಂ? 29 ಮಕ್ಕಳು ಸರಿಯಾಗಿಯೇ ಬರೆದಿದ್ದಾರೆ. ಓದಿದವರು ಹಾಕಿಸುತ್ತಾರೆ, ಓದದವರು ಹೆದರುತ್ತಾರೆ. ತಲೆಕೆಟ್ಟ ಚಿಕ್ಕಪ್ಪ ಒಬ್ಬ ಎಲ್ಲ ಊರಲ್ಲೂ ಇರುತ್ತಾನೆ. ಅವನೊಬ್ಬನನ್ನು ನೋಡಿ ಲೋಕವೇ ಹಾಗೆ ಅನ್ನೋಕೆ ಆಗುತ್ತಾ? ಆ ನಾಲ್ಕು ಮಕ್ಕಳು ಬರೆದದ್ದರಲ್ಲೂ ಸುಳ್ಳೇನಿಲ್ಲ. ಉತ್ತರ ಪ್ರದೇಶದಲ್ಲಿ ಪೋಲಿಯೊ ಹನಿ ಬೇಡ ಅಂತ ಬಾಗಿಲು ಹಾಕಿಕೊಂಡವರು ಯಾರು ಅಂತ ಎಲ್ಲರಿಗೂ ಗೊತ್ತು. ಬಾಯಿ ಬಿಟ್ಟು ಹೇಳಿದರೆ ಮಾತ್ರ ತಪ್ಪು.

ಲೆಕ್ಕದ ಪುಟ · 10:05

ನಾನು ಅಂಕಿ ಅಂಶದ ಕೆಲಸದವನು, ಹಾಗಾಗಿ ಅದನ್ನೇ ಇಡುತ್ತೇನೆ. ಮೊದಲು ಸುಮ್ನೆ ಒಬ್ಬರ ಪರವಾಗಿ ಒಂದು ಮಾತು. ತಾಯಿ ಓದಿದ್ದರೆ ಮಗುವಿಗೆ ಪೂರ್ತಿ ಲಸಿಕೆ ಆಗುವುದು ಜಾಸ್ತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರತಿ ಸುತ್ತಿನಲ್ಲೂ ಇದನ್ನು ತೋರಿಸಿದೆ. ಇಲ್ಲ ಅನ್ನೋಕೆ ಆಗಲ್ಲ.

ಈಗ ಅದೇ ಸಮೀಕ್ಷೆಯ ಐದನೇ ಸುತ್ತು ನೋಡಿ, 2019ರಿಂದ 21. ಪೂರ್ತಿ ಲಸಿಕೆ ಆದ ಒಂದರಿಂದ ಎರಡು ವರ್ಷದ ಮಕ್ಕಳು ಒಡಿಶಾದಲ್ಲಿ ಶೇ 90.5. ಕೇರಳದಲ್ಲಿ ಶೇ 77.8. ಓದಿದ ಹೆಂಗಸರು ಎಲ್ಲಿ ಜಾಸ್ತಿ ಅಂತ ಕೇಳಿದರೆ ಒಂಬತ್ತನೇ ತರಗತಿ ಮಕ್ಕಳೂ ಹೇಳುತ್ತಾರೆ. ತೀರ ಕೆಳಗೆ ಇದ್ದದ್ದು ನಾಗಾಲ್ಯಾಂಡ್, ಶೇ 57.9. ಅಲ್ಲಿ ಓದು ಬರಹಕ್ಕೇನೂ ಕೊರತೆ ಇಲ್ಲ. ಆದರೆ ಗುಡ್ಡ ಹತ್ತಿ ಇಳಿದು ಲಸಿಕೆ ಮುಟ್ಟಿಸುವುದು ಅಲ್ಲಿ ಬೇರೆಯೇ ಕಥೆ.

ಇನ್ನು ನಮ್ಮದು. 2015-16ರಲ್ಲಿ ಕರ್ನಾಟಕ ಶೇ 62.6. ನಾಲ್ಕೈದು ವರ್ಷದಲ್ಲಿ ಶೇ 84.1. ಇಷ್ಟರಲ್ಲಿ ನಮ್ಮ ತಾಯಂದಿರೆಲ್ಲ ಇದ್ದಕ್ಕಿದ್ದ ಹಾಗೆ ಶಾಲೆಗೆ ಹೋಗಿ ಬಂದರಾ? ಧರ್ಮ ಬದಲಿಸಿದರಾ? ಇಲ್ಲವಲ್ಲ. ಬೇರೆ ಏನೋ ಬದಲಾಗಿದೆ. ಆ ಹುಡುಗಿ "ಗೊತ್ತಿಲ್ಲ" ಅಂದದ್ದು ನನಗೆ ಅದಕ್ಕೇ ಇಷ್ಟವಾಯಿತು.

ಸೈಕಲ್ ಮಾವ · ಬುಧವಾರ ಬೆಳಿಗ್ಗೆ 6:20

ಟೀಚರಮ್ಮ, ನಾನು 1981ರಲ್ಲಿ ಆರೋಗ್ಯ ಇಲಾಖೆಗೆ ಸೇರಿದವನು. ಮಂಡ್ಯ ಕಡೆ ಹಳ್ಳಿಗಳು, ಒಂದು ಸೈಕಲ್, ಕ್ಯಾರಿಯರ್‌ಗೆ ಕಟ್ಟಿದ ಐಸ್ ಡಬ್ಬ. ಈಗ ನಿವೃತ್ತಿ ಆಗಿ ಮೊಮ್ಮಕ್ಕಳನ್ನು ಆಡಿಸಿಕೊಂಡು ಇದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗಿಂತ ಹಿರಿಯರು ಸಿಡುಬಿಗೆ ದಾಕು ಹಾಕಿದವರು. "ದಾಕು ಹಾಕೋನು ಬಂದ" ಅಂದರೆ ಸಾಕಂತೆ, ಮಕ್ಕಳನ್ನು ರಾಗಿ ವಾಡೆಯೊಳಗೆ ಕೂರಿಸಿ ಮುಚ್ಚಿಬಿಡುತ್ತಿದ್ದರು. ಸಿಡುಬು ಅಂದರೆ ಕಾಯಿಲೆ ಅಲ್ಲವಲ್ಲ ಆಗ, ಅಮ್ಮ. ಅಮ್ಮ ಮನೆಗೆ ಬಂದಿದ್ದಾಳೆ. ಬೇವಿನ ಸೊಪ್ಪು ಕಟ್ಟಬೇಕು, ಒಗ್ಗರಣೆ ಹಾಕಬಾರದು, ಹೊರಗಿನವರು ಒಳಗೆ ಬರಬಾರದು. ಈ ಕೊನೆಯದನ್ನು ಗಮನಿಸಿ. ಹೊರಗಿನವರು ಬರಬಾರದು ಅನ್ನೋದು ಒಳ್ಳೆಯ ವೈದ್ಯವೇ. ದೇವರ ಹೆಸರಲ್ಲಿ ಮಾಡುತ್ತಿದ್ದರು, ಅಷ್ಟೇ.

ನಮ್ಮ ಹಿರಿಯ ಸಹಾಯಕರೊಬ್ಬರು ಹೇಳುತ್ತಿದ್ದರು. ಅವರು ಊರಿಗೆ ಹೋದರೆ ಮೊದಲು ಪಟೇಲರ ಮನೆಗೆ ಹೋಗುತ್ತಿರಲಿಲ್ಲ. ಮಾರಮ್ಮನ ಗುಡಿ ಪೂಜಾರಿ ಹತ್ತಿರ ಹೋಗಿ, ಅಂಗಿ ತೋಳು ಮಡಚಿ ತಮ್ಮ ಕಲೆ ತೋರಿಸಿ, "ಅಮ್ಮ ನನಗೆ ಇಷ್ಟೇ ಇಷ್ಟು ಬಂದು ಹೋದಳು, ನೋಡಪ್ಪ" ಅನ್ನುತ್ತಿದ್ದರಂತೆ. ಪೂಜಾರಿ ಹಾಕಿಸಿಕೊಂಡರೆ ಆ ಬೀದಿ ಮುಗಿದ ಹಾಗೆ. ಪೂಜಾರಿಗೆ ಬುದ್ಧಿ ಹೇಳೋಕೆ ಹೋದವರು ಮಾತ್ರ ಏಟು ತಿಂದು ಬಂದಿದ್ದಾರೆ.

ಈಗ ನನ್ನ ಕಾಲದ್ದು. ನಾನು ಹೋಗುವಷ್ಟರಲ್ಲಿ ಸಿಡುಬು ಹೋಗಿತ್ತು. ಆದರೂ ನಮ್ಮ ಜೀಪು ಊರ ಬಾಗಿಲಿಗೆ ಬಂದರೆ ಗಂಡಸರು ಗದ್ದೆ ಕಡೆ ಓಡುತ್ತಿದ್ದರು. ಯಾಕೆ ಗೊತ್ತಾ? ಲಸಿಕೆಗೆ ಹೆದರಿ ಅಲ್ಲ. ತುರ್ತು ಪರಿಸ್ಥಿತಿ ಮುಗಿದು ನಾಲ್ಕೇ ವರ್ಷ ಆಗಿತ್ತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನಕ್ಕೆ ಸಂತಾನಹರಣ ಆಪರೇಷನ್ ಮಾಡಿದ್ದರು. ಅದೇ ಜೀಪು, ಅದೇ ಇಲಾಖೆ, ಅದೇ ನಾವು. ಬೆಳಿಗ್ಗೆ "ಆಪರೇಷನ್ ಕೇಸು ಎಷ್ಟು ತಂದೆ?" ಅಂತ ಸಾಹೇಬರು ಕೇಳುತ್ತಿದ್ದರು. ಮಧ್ಯಾಹ್ನ ನಾನು ಅದೇ ಮನೆಗೆ ಹೋಗಿ "ಮಗುಗೆ ಸೂಜಿ ಹಾಕಿಸಮ್ಮ, ಒಳ್ಳೆಯದು" ಅನ್ನಬೇಕು. ಆ ತಾಯಿ ನನ್ನ ಮುಖ ನೋಡುತ್ತಿದ್ದ ರೀತಿ ಇವತ್ತಿಗೂ ಕಣ್ಣ ಮುಂದೆ ಇದೆ. ಆಪರೇಷನ್ ಟಾರ್ಗೆಟ್ ತೆಗೆದದ್ದು 1996ರಲ್ಲಿ. ಅದಾದ ಮೇಲೇ ನನ್ನ ಸೈಕಲ್ ಕಂಡರೆ ಜನ ಕೂತಲ್ಲೇ ಕೂತಿರೋಕೆ ಶುರು ಮಾಡಿದ್ದು. ಹೆದರಿದವರಿಗೆ ಮೌಢ್ಯ ಅಂತ ಹೆಸರಿಟ್ಟು ನಾವೂ ರಿಪೋರ್ಟ್ ಬರೆದಿದ್ದೇವೆ. ಬರೆದದ್ದು ತಪ್ಪು ಅಂತ ಈಗ ಅನಿಸುತ್ತೆ.

ಮೈಸೂರು ಪಾಕ · 7:45

ಸೈಕಲ್ ಮಾವ ಹೇಳಿದ ಪೂಜಾರಿ ಕಥೆಗೆ ಒಂದು ಅರಮನೆ ಕಥೆ ಸೇರಿಸುತ್ತೇನೆ. ಥಾಮಸ್ ಹಿಕ್ಕಿ ಅನ್ನುವ ಐರಿಷ್ ಚಿತ್ರಕಾರ 1805ರ ಆಸುಪಾಸಿನಲ್ಲಿ ಬರೆದ ಒಂದು ಚಿತ್ರ ಇದೆ. ಮೂವರು ಹೆಂಗಸರು. ಯಾರೋ ನರ್ತಕಿಯರು ಅಂದುಕೊಂಡಿದ್ದರು ಬಹಳ ಕಾಲ. ಅವರು ಮೈಸೂರಿನ ರಾಣಿಯರು, ಮುಮ್ಮಡಿ ಕೃಷ್ಣರಾಜ ಒಡೆಯರ ಮನೆಯವರು ಅಂತ ಒಬ್ಬ ಇತಿಹಾಸಕಾರರು ವಾದಿಸಿದ್ದಾರೆ. ಒಬ್ಬರು ಸೀರೆ ಸೆರಗು ಸರಿಸಿ ತೋಳಿನಲ್ಲಿ ದಾಕು ಹಾಕಿದ ಜಾಗ ತೋರಿಸುತ್ತಿದ್ದಾರಂತೆ. ಎಡ್ವರ್ಡ್ ಜೆನ್ನರ್ ಗೋವಿನ ಸಿಡುಬಿನಿಂದ ಲಸಿಕೆ ಕಂಡುಕೊಂಡದ್ದು 1796. ಹತ್ತೇ ವರ್ಷದಲ್ಲಿ ಅದು ನಮ್ಮ ಅಂತಃಪುರಕ್ಕೆ ಬಂದಿತ್ತು. ರಾಣಿ ಹಾಕಿಸಿಕೊಂಡರು ಅಂದರೆ ಪ್ರಜೆಗಳೂ ತೋಳು ಒಡ್ಡುತ್ತಾರೆ. ಆಗಲೂ ಅದೇ ಲೆಕ್ಕ.

ಸುಮ್ನೆ ಒಬ್ಬ · 8:30

ರಾಜರ ಕಥೆ, ಪೂಜಾರಿ ಕಥೆ ಎಲ್ಲ ಚೆನ್ನಾಗಿದೆ. ನಾನು ಕೇಳಿದ್ದು ಪೋಲಿಯೊ ಬಗ್ಗೆ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ನಿರ್ವಾಹಕ · 9:15

ಇಲ್ಲಿ ಬಂದಿದ್ದ ಎರಡು ಉತ್ತರ ತೆಗೆದಿದ್ದೇನೆ. ಒಂದು ಸಮುದಾಯವನ್ನು ಬೈಯೋಕೆ ಬೇರೆ ಜಾಗ ನೋಡಿಕೊಳ್ಳಿ. ಸುಮ್ನೆ ಒಬ್ಬರ ಪ್ರಶ್ನೆ ಇರಲಿ, ಅದು ಪ್ರಶ್ನೆಯೇ.

ಕಡಲತಡಿ · 11:50

ನಾನು ಉತ್ತರ ಕೊಡುತ್ತೇನೆ ಮಾರಾಯ್ರೆ. ನಾನು ಮುಸ್ಲಿಂ, ದಕ್ಷಿಣ ಕನ್ನಡದವನು. ಈ ಪ್ರಶ್ನೆ ನನಗೆ ಹೊಸದಲ್ಲ.

2002ರಲ್ಲಿ ದೇಶದಲ್ಲಿ 1,600 ಪೋಲಿಯೊ ಕೇಸು. ಅದರಲ್ಲಿ 1,242 ಉತ್ತರ ಪ್ರದೇಶ ಒಂದರಲ್ಲೇ. ಅದರಲ್ಲಿ ಮುಸ್ಲಿಂ ಮಕ್ಕಳು ಜಾಸ್ತಿ. ಹೌದು, ನಿಜ. ಮುಚ್ಚಿಡುವಂಥದ್ದು ಏನೂ ಇಲ್ಲ. ಹನಿ ಹಾಕಿದರೆ ಮಕ್ಕಳಾಗಲ್ಲ ಅನ್ನುವ ಮಾತು ಅಲ್ಲಿ ಹಬ್ಬಿತ್ತು. ಸೈಕಲ್ ಮಾವ ಹೇಳಿದ ಆಪರೇಷನ್ ಜೀಪು ಅತಿ ಜೋರಾಗಿ ಓಡಿದ ಸೀಮೆಗಳಲ್ಲಿ ಅದೂ ಒಂದು. ಈ ಎರಡನ್ನು ಜೋಡಿಸಿ ನೋಡಿ.

ಇನ್ನೊಂದು ವಿಷಯ ಜನಕ್ಕೆ ಗೊತ್ತೇ ಇಲ್ಲ. ಆ ಹಳೆಯ ಹನಿ ಉತ್ತರ ಪ್ರದೇಶದಲ್ಲಿ ಸರಿಯಾಗಿ ಹಿಡಿಯುತ್ತಲೇ ಇರಲಿಲ್ಲ. ಬೇರೆ ರಾಜ್ಯಗಳಲ್ಲಿ ಹಿಡಿಯುವುದರ ಅರ್ಧದಷ್ಟೂ ಇಲ್ಲ. ಕಿಕ್ಕಿರಿದ ಓಣಿ, ಚರಂಡಿ ನೀರು, ಮಕ್ಕಳಿಗೆ ಸದಾ ಭೇದಿ. ಎಂಟು ಹತ್ತು ಸಲ ಹನಿ ಹಾಕಿಸಿಕೊಂಡ ಮಗುವಿನ ಕಾಲೂ ಹೋಯಿತು. ಪಕ್ಕದ ಮನೆಯವಳು ಅದನ್ನು ಕಣ್ಣಾರೆ ನೋಡಿದಳು. ಅವಳು ಮುಂದಿನ ಸಲ ಬಾಗಿಲು ಹಾಕಿಕೊಂಡರೆ ಅದು ಧರ್ಮವೋ, ಕಂಡದ್ದನ್ನು ನಂಬಿದ್ದೋ? ಆಮೇಲೆ ಒಂದೊಂದೇ ಬಗೆಯ ವೈರಸ್‌ಗೆ ಬೇರೆ ಹನಿ ಮಾಡಿದರು. 2010ರಲ್ಲಿ ಎರಡು ಬಗೆಯ ವೈರಸ್‌ಗೂ ಒಟ್ಟಿಗೆ ಆಗುವ ಹನಿ ಬಂತು.

ಧರ್ಮದವರು ಏನು ಮಾಡಿದರು ಅಂತಲೂ ಕೇಳಿ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾದ ಜನ ಓಣಿಗೆ ಇಳಿದರು. ಮಸೀದಿಯ ಮೈಕಿನಲ್ಲಿ ಇಮಾಮರು ಕೂಗಿ ಹೇಳಿದರು. ಅದೇ ಓಣಿಯ ಹೆಂಗಸರನ್ನೇ ಮನೆ ಮನೆಗೆ ಕಳಿಸಿದರು. ದೇಶದ ಕೊನೆಯ ಕೇಸು 2011ರ ಜನವರಿ 13, ಹೌರಾದ ಒಂದು ಪುಟ್ಟ ಹುಡುಗಿ. 2014ರ ಮಾರ್ಚ್ 27ಕ್ಕೆ ಪೋಲಿಯೊ ಇಲ್ಲದ ದೇಶ ಅಂತ ಸರ್ಟಿಫಿಕೇಟ್ ಸಿಕ್ಕಿತು. ಬಾಗಿಲು ಹಾಕಿಕೊಂಡವರು ಬಾಗಿಲು ತೆರೆಯದೇ ಇದ್ದಿದ್ದರೆ ಅದು ಆಗುತ್ತಿತ್ತಾ? ಆ ನಾಲ್ಕು ಮಕ್ಕಳಿಗೆ ಇಷ್ಟು ಹೇಳಿ ಟೀಚರ್, ಸಾಕು.

ಕಡಲತಡಿ · 12:20

ಇನ್ನೊಂದು ಬಿಟ್ಟುಹೋಯಿತು. ನೈಜೀರಿಯಾದ ಕಾನೊ ಗೊತ್ತಲ್ಲ, 2003ರಲ್ಲಿ ಪೋಲಿಯೊ ಹನಿಯನ್ನೇ ಬಹಿಷ್ಕಾರ ಹಾಕಿದ ಜಾಗ. ಮುಲ್ಲಾಗಳ ಮೌಢ್ಯ ಅಂತ ಎಲ್ಲ ಪತ್ರಿಕೆಯೂ ಬರೆಯಿತು. ಅದೇ ಕಾನೊದಲ್ಲಿ 1996ರಲ್ಲಿ ಮಿದುಳು ಜ್ವರ ಬಂದಾಗ ಫೈಜರ್ ಕಂಪನಿ ಸುಮಾರು 200 ಮಕ್ಕಳ ಮೇಲೆ ಟ್ರೊವಾನ್ ಅನ್ನುವ ಔಷಧಿಯ ಪ್ರಯೋಗ ಮಾಡಿತ್ತು. ಆ ಪ್ರಯೋಗದಲ್ಲಿದ್ದ 11 ಮಕ್ಕಳು ತೀರಿಹೋದರು, ಕೇಸು ಕೋರ್ಟು ಎಲ್ಲ ಆಯಿತು. ಏಳು ವರ್ಷದ ಮೇಲೆ ಬಿಳಿ ಜನ ಇನ್ನೊಂದು ಔಷಧಿ ತಂದು ಬಾಗಿಲು ತಟ್ಟಿದರೆ? ಬಹಿಷ್ಕಾರದಿಂದ ಪೋಲಿಯೊ ಹತ್ತಾರು ದೇಶಕ್ಕೆ ಹರಡಿತು, ಅದು ದೊಡ್ಡ ತಪ್ಪೇ. ಕೊನೆಗೆ ಇಂಡೊನೇಷ್ಯಾದಲ್ಲಿ ತಯಾರಾದ ಹನಿ ತಂದ ಮೇಲೆ ಒಪ್ಪಿದರು.

ಪಾಕಿಸ್ತಾನದಲ್ಲಿ ಅಮೆರಿಕದ ಸಿಐಎ 2011ರಲ್ಲಿ ಬಿನ್ ಲಾಡೆನ್ ಹುಡುಕೋಕೆ ಸುಳ್ಳು ಲಸಿಕೆ ಶಿಬಿರ ನಡೆಸಿದ್ದು ಬೇರೆ. ಅದರ ಬೆಲೆ ತೆತ್ತವರು ಅಲ್ಲಿನ ಪೋಲಿಯೊ ಹನಿ ಹಾಕುವ ಬಡ ಹೆಂಗಸರು. ಗುಂಡೇಟು ತಿಂದರು.

ಮಲೆನಾಡಿನ ಮಳೆ · 1:40

ಧರ್ಮವೂ ಇಲ್ಲ, ಅನಕ್ಷರತೆಯೂ ಇಲ್ಲ, ಆದರೂ ಜನ ಬೇಡ ಅಂದ ಲಸಿಕೆ ಬೇಕಾ? ನಮ್ಮ ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಬನ್ನಿ. ಮಂಗನ ಕಾಯಿಲೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ ರೋಗ. ಅದಕ್ಕೆ ಲಸಿಕೆ ಇತ್ತು. ಮೊದಲು ಎರಡು ಡೋಸು, ಆರೇಳು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷ ವರ್ಷ ಬೂಸ್ಟರ್. ಆ ಸೂಜಿಯ ಉರಿ ಹಾಕಿಸಿಕೊಂಡವರಿಗೇ ಗೊತ್ತು. ಎರಡು ದಿನ ಕೈ ಎತ್ತೋಕೆ ಆಗಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಯಾರು ಕೈ ಕಳೆದುಕೊಂಡು ಕೂರುತ್ತಾರೆ? ಅಷ್ಟೆಲ್ಲ ಮಾಡಿ ಹಾಕಿಸಿಕೊಂಡವರಿಗೂ ಜ್ವರ ಬಂತು. ಎರಡು ಡೋಸಿನ ರಕ್ಷಣೆ ಶೇ 62ರಷ್ಟು ಅಂತ ಆಮೇಲೆ ಲೆಕ್ಕ ಬಂತು.

ನಮ್ಮಲ್ಲಿ ಹಾಕಿಸಿಕೊಳ್ಳದವರಲ್ಲಿ ಡಿಗ್ರಿ ಮಾಡಿದವರಿದ್ದರು, ಹವ್ಯಕರಿದ್ದರು, ದೀವರಿದ್ದರು, ಬ್ಯಾರಿಗಳಿದ್ದರು. ನಾನೂ ಇದ್ದೆ. 2018-19ರ ಚಳಿಗಾಲದಲ್ಲಿ ಅರಳಗೋಡಿನಲ್ಲಿ ಜನ ಸಾಯೋಕೆ ಶುರುವಾದಾಗ ನಾವೇ ಓಡಿ ಹೋಗಿ ಸಾಲು ನಿಂತೆವು. ಈಗ ಆ ಲಸಿಕೆಯನ್ನೇ ನಿಲ್ಲಿಸಿದ್ದಾರೆ. ನಮ್ಮನ್ನು ಮೂಢರು ಅಂದಿದ್ದ ಅಧಿಕಾರಿ ಒಬ್ಬರಿದ್ದರು. ಅವರು ಈಗ ಎಲ್ಲಿದ್ದಾರೋ ಏನೋ.

ಐಂಡ್‌ಹೋವನ್ ಕನ್ನಡಿಗ · ಸಂಜೆ 4:10

ಎಲ್ಲರೂ ಧರ್ಮದ ಪಾತ್ರವೇ ಇಲ್ಲ ಅನ್ನುವ ಕಡೆ ಜಾರುತ್ತಿದ್ದೀರಿ. ಸ್ವಲ್ಪ ನಿಲ್ಲಿ. ನಾನಿರುವ ನೆದರ್ಲೆಂಡ್ಸಿನಲ್ಲಿ ನಿಜವಾಗಿಯೂ ಧರ್ಮವೇ ಕಾರಣ ಆಗಿರುವ ಒಂದು ಪಟ್ಟಿ ಇದೆ. ಬೈಬಲ್ ಬೆಲ್ಟ್ ಅಂತಾರೆ. ದೇಶದ ನಡುವೆ ಓರೆಯಾಗಿ ಹಾದುಹೋಗುವ ಊರುಗಳು. ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರು. ಎಲ್ಲರೂ ಓದಿದವರು, ಆಸ್ಪತ್ರೆ ಹತ್ತಿರ, ಲಸಿಕೆ ಪುಕ್ಕಟೆ, ಸರ್ಕಾರದ ಮೇಲೆ ಹಳೆಯ ಸಿಟ್ಟೂ ಇಲ್ಲ. ಆದರೂ ಬೇಡ. ಕಾಯಿಲೆ, ಆರೋಗ್ಯ ಎರಡೂ ದೇವರು ಕೊಡುವುದು, ಮನುಷ್ಯ ಮೊದಲೇ ಕೈ ಹಾಕಬಾರದು ಅನ್ನುವುದು ಅವರ ನಂಬಿಕೆ. ಗಟ್ಟಿಯಾಗಿರುವವರಿಗೆ ವೈದ್ಯ ಬೇಕಿಲ್ಲ ಅನ್ನುವ ಅರ್ಥದ ಯೇಸುವಿನ ಮಾತನ್ನು ತೋರಿಸುತ್ತಾರೆ.

1978ರಲ್ಲಿ ಇಲ್ಲಿ 110 ಪೋಲಿಯೊ ಕೇಸು. 1992-93ರಲ್ಲಿ ಮತ್ತೆ 71, ಇಬ್ಬರು ತೀರಿಕೊಂಡರು. ಹೆಚ್ಚುಕಮ್ಮಿ ಎಲ್ಲರೂ ಈ ಸಮುದಾಯದವರೇ. 2013ರಲ್ಲಿ ದಡಾರ, 2,600ಕ್ಕೂ ಜಾಸ್ತಿ. ದೇಶದ ಒಟ್ಟು ಲೆಕ್ಕ ಶೇ 90ರ ಮೇಲೆ ಇದ್ದಾಗಲೂ ಹೀಗೆ. ಯಾಕೆ ಅಂದರೆ ಅವರು ಒಂದೇ ಕಡೆ ಇದ್ದಾರೆ. ಒಂದೇ ಚರ್ಚು, ಒಂದೇ ಶಾಲೆ, ಮದುವೆಯೂ ಒಳಗೇ. ದಡಾರ ತಡೆಯೋಕೆ 100ಕ್ಕೆ 95 ಮಕ್ಕಳಿಗಾದರೂ ಆಗಿರಬೇಕು, ಅದೂ ಪ್ರತಿ ಊರಲ್ಲೂ. ಸರಾಸರಿ ತೆಗೆದರೆ ವೈರಸ್‌ಗೆ ಅದು ಗೊತ್ತಾಗುತ್ತಾ?

ಒಂದು ಮಾತ್ರ ಹೇಳಬೇಕು. ಅದೇ ಚರ್ಚಿನ ಒಳಗೇ, ಲಸಿಕೆಯೂ ದೇವರೇ ಕೊಟ್ಟದ್ದು ಅನ್ನುವವರು ಇದ್ದಾರೆ. ನನ್ನ ಸಹೋದ್ಯೋಗಿ ಒಬ್ಬಳು ಆ ಊರುಗಳಲ್ಲಿ ಹುಟ್ಟಿದವಳು. ಅವಳಿಗೆ ಚಿಕ್ಕಂದಿನಲ್ಲಿ ಹಾಕಿಸಿಲ್ಲ, ಅವಳು ಮಕ್ಕಳಿಗೆ ಹಾಕಿಸಿದಳು, ಅಪ್ಪನಿಗೆ ಹೇಳಿಲ್ಲ. ಭಾನುವಾರ ಈಗಲೂ ಅದೇ ಚರ್ಚಿಗೆ ಹೋಗುತ್ತಾಳೆ.

ಬೇ ಏರಿಯಾ ಬಿಸಿಬೇಳೆ · ರಾತ್ರಿ 8:05

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆ ಹುಡುಗಿಯ ಚಿಕ್ಕಪ್ಪನಂಥವರ ಸಂತೆಯೇ ಇದೆ. 2014ರ ಡಿಸೆಂಬರ್‌ನಲ್ಲಿ ಡಿಸ್ನಿಲ್ಯಾಂಡಿನಿಂದ ದಡಾರ ಹಬ್ಬಿತು. ಹಾಕಿಸದ ಮಕ್ಕಳು ಜಾಸ್ತಿ ಇದ್ದದ್ದು ಎಲ್ಲಿ? ಹಣ ಇರುವ, ಡಿಗ್ರಿ ಮೇಲೆ ಡಿಗ್ರಿ ಇರುವ ಬಡಾವಣೆಗಳಲ್ಲೂ ಇದ್ದರು. ಸಾವಯವ ತರಕಾರಿ, ಮರದ ಆಟಿಕೆ, ಲಸಿಕೆ ಮಾತ್ರ "ನಾವು ಓದಿಕೊಂಡಿದ್ದೇವೆ, ಬೇಡ". ಕೊನೆಗೆ 2015ರಲ್ಲಿ ಕಾನೂನು ಬಂತು. ವೈಯಕ್ತಿಕ ನಂಬಿಕೆ, ಧರ್ಮ ಅಂತೆಲ್ಲ ಹೇಳಿ ಶಾಲೆಯಲ್ಲಿ ವಿನಾಯಿತಿ ಕೇಳುವ ಹಾಗಿಲ್ಲ.

ಅವರು "ಓದಿಕೊಂಡದ್ದು" ಏನು? ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ಬರೆದ ಲೇಖನದ ಸುತ್ತ ಹುಟ್ಟಿದ ಕಥೆಗಳು. ಒಟ್ಟು 12 ಮಕ್ಕಳನ್ನು ನೋಡಿ, ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಟ್ಟಿಗೆ ಕೊಡುವ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಲೇಖನ. 2010ರಲ್ಲಿ ಅದನ್ನು ಅಚ್ಚು ಹಾಕಿದ್ದ ವೈದ್ಯ ಪತ್ರಿಕೆ ಲ್ಯಾನ್ಸೆಟ್ಟೇ ವಾಪಸ್ ತೆಗೆಯಿತು, ಅವರ ವೈದ್ಯ ಪದವಿಯ ನೋಂದಣಿಯೂ ರದ್ದಾಯಿತು. ಓದೋಕೆ ಬರದಿದ್ದರೆ ಈ ಹೆದರಿಕೆ ತಗುಲುತ್ತಲೇ ಇರಲಿಲ್ಲ, ನೋಡಿ. ನಾನೂ ಮೊದಲ ಮಗುವಿಗೆ ಡಾಕ್ಟರ ಹತ್ತಿರ "ಒಂದೊಂದಾಗಿ ಕೊಡೋಕೆ ಆಗುತ್ತಾ" ಅಂತ ಕೇಳಿದವಳೇ. ರಾತ್ರಿ ಎರಡು ಗಂಟೆಗೆ ಮಗು ಮಲಗಿಸಿಕೊಂಡು ಫೋನ್ ನೋಡುವ ತಾಯಿಗೆ ಏನು ಬೇಕಾದರೂ ನಿಜ ಅನಿಸುತ್ತೆ.

ಮೈಸೂರು ಪಾಕ · 8:40

ಬ್ಯಾರಿಸ್ಟರ್ ಓದಿದ ಗಾಂಧೀಜಿಯೇ ದಾಕು ಬೇಡ ಅಂದವರು, ಆಕಳಿಂದ ತೆಗೆದ ಕೊಳಕು ಅಂತ. ವಕೀಲರಾದ ರಾಜಾಜಿ 1955ರಲ್ಲಿ ಕ್ಷಯದ ಬಿಸಿಜಿ ಲಸಿಕೆ ವಿರುದ್ಧ ಟೊಂಕ ಕಟ್ಟಿ ನಿಂತಿದ್ದರು. ಇವರನ್ನು ಯಾವ ಸಾಲಿಗೆ ಸೇರಿಸೋಣ?

ಗುರುವಾರದ ಸಿಸ್ಟರ್ · 9:55

ನಾನು ಕಲ್ಯಾಣ ಕರ್ನಾಟಕದಲ್ಲಿ ಎಎನ್‌ಎಂ, ಅಂದರೆ ಹಳ್ಳಿಗಳಲ್ಲಿ ಲಸಿಕೆ ಹಾಕುವ ಸರ್ಕಾರಿ ನರ್ಸ್. ನಾಳೆ ಗುರುವಾರ, ಲಸಿಕೆ ದಿನ, ಬೇಗ ಮಲಗಬೇಕು. ಆದರೂ ಬರೆಯುತ್ತೇನೆ.

ನಿಮ್ಮ ಚರ್ಚೆಯಲ್ಲಿ ಎಲ್ಲರೂ "ಬೇಡ ಅಂದವರು" ಅಂತಿದ್ದೀರಿ. ನನ್ನ ಪಟ್ಟಿಯಲ್ಲಿ ಲಸಿಕೆ ಬಾಕಿ ಇರುವ ಮಕ್ಕಳಲ್ಲಿ ಬೇಡ ಅಂದವರ ಮಕ್ಕಳು ಬೆರಳೆಣಿಕೆ. ಉಳಿದವರು ಇಲ್ಲೇ ಇಲ್ಲ. ಕಬ್ಬು ಕಡಿಯೋಕೆ ಹೋಗಿದ್ದಾರೆ, ಇಟ್ಟಿಗೆ ಭಟ್ಟಿಗೆ ಹೋಗಿದ್ದಾರೆ, ಬೆಂಗಳೂರು, ಪುಣೆ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಅಲ್ಲಿ ಅವರು ಯಾರ ಪಟ್ಟಿಯಲ್ಲೂ ಇಲ್ಲ. ವಾಪಸ್ ಬಂದಾಗ ಕಾರ್ಡ್ ಇರಲ್ಲ.

ಬೇಡ ಅನ್ನುವವರು ಏನಂತಾರೆ ಗೊತ್ತಾ? "ಪೆಂಟಾ ಹಾಕಿದರೆ ರಾತ್ರಿ ಎಲ್ಲ ಜ್ವರ, ಮಗು ಅಳುತ್ತೆ, ಬೆಳಿಗ್ಗೆ ನಾನು ಕೂಲಿಗೆ ಹೋಗಬೇಕು ಅಕ್ಕ." ಪೆಂಟಾ ಅಂದರೆ ಐದು ಕಾಯಿಲೆಗೆ ಒಂದೇ ಸೂಜಿ. ಈ ಮಾತಿಗೆ ಕುರಾನೂ ಇಲ್ಲ, ಪುರಾಣವೂ ಇಲ್ಲ. ಜ್ವರ ಬರುತ್ತೆ ಅಂತ ಮೊದಲೇ ಹೇಳಿ, ಪ್ಯಾರಸಿಟಮಾಲ್ ಕೈಗೆ ಕೊಟ್ಟು, ಮಾರನೇ ದಿನ ಆಶಾ ಅಕ್ಕ ಒಂದು ಸಲ ಇಣುಕಿ ಬಂದರೆ ಆ ತಾಯಿ ಮುಂದಿನ ತಿಂಗಳು ತಾನೇ ಬರುತ್ತಾಳೆ. ಏನೂ ಆಗಲ್ಲ ಅಂತ ಸುಳ್ಳು ಹೇಳಿ ಹಾಕಿದರೆ ಅವಳು ಮತ್ತೆ ಬರಲ್ಲ. ಅವಳ ತಂಗಿಯೂ ಬರಲ್ಲ.

ಓದಿನ ಬಗ್ಗೆ ನಾನು ಕಂಡದ್ದು ಇಷ್ಟು. ಓದಿದ ತಾಯಿ ತಾರೀಕು ತಾನೇ ನೋಡಿಕೊಂಡು ಬರುತ್ತಾಳೆ, ಪ್ರಶ್ನೆ ಜಾಸ್ತಿ ಕೇಳುತ್ತಾಳೆ. ಓದದ ತಾಯಿ ನನ್ನ ಮುಖ ನೋಡುತ್ತಾಳೆ. ಎರಡೂ ಒಂದೊಂದು ಥರದ ಪರೀಕ್ಷೆಯೇ.

ಇನ್ನೊಂದು. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಹಸುಗೂಸು ಹೋದವು. ಲಸಿಕೆ ಇಟ್ಟುಕೊಂಡ ರೀತಿಯಲ್ಲೇ ತಪ್ಪಾಗಿತ್ತು ಅಂತ ಬಂತು. ಆ ಸುದ್ದಿ ಟಿವಿಯಲ್ಲಿ ಬಂದ ವಾರ ನನ್ನ ಕೇಂದ್ರಕ್ಕೆ ಒಂದೂ ಮಗು ಬರಲಿಲ್ಲ. ಲಿಂಗಾಯತರದ್ದಿಲ್ಲ, ಮುಸ್ಲಿಮರದ್ದಿಲ್ಲ, ಮೇಷ್ಟ್ರ ಮನೆಯದ್ದೂ ಇಲ್ಲ. ನಾನು ಯಾರಿಗೂ ಏನೂ ಅನ್ನಲಿಲ್ಲ. ನನ್ನ ಮಗುವಾಗಿದ್ದರೆ ನಾನೂ ಒಂದು ವಾರ ಹಿಂದೆ ಮುಂದೆ ನೋಡುತ್ತಿದ್ದೆ.

ಸುಮ್ನೆ ಒಬ್ಬ · 11:30

ಸಿಸ್ಟರ್ ಬರೆದದ್ದು ಓದಿ ಎದ್ದು ನೀರು ಕುಡಿದು ಬಂದೆ. ಒಂದು ವಿಷಯ ಹೇಳಿಬಿಡುತ್ತೇನೆ, ನಗಬೇಡಿ.

2021ರ ಜೂನ್. ಕೋವ್ಯಾಕ್ಸಿನ್‌ನಲ್ಲಿ ಎಳೆಗರುವಿನ ರಕ್ತ ಇದೆ ಅಂತ ಒಂದು ಮೆಸೇಜ್ ಬಂತು. ನಾನು ಹಿಂದೆ ಮುಂದೆ ನೋಡದೆ ಮನೆಯ ಗ್ರೂಪಿಗೆ ಕಳಿಸಿದೆ. ನಮ್ಮಮ್ಮನಿಗೆ ಆಗ 76. ಏಕಾದಶಿ ತಪ್ಪಿಸದವರು. ಎರಡನೇ ಡೋಸಿಗೆ ನಾಲ್ಕು ದಿನ ಬಾಕಿ. ಸುತರಾಂ ಒಲ್ಲೆ ಅಂದರು. ಕರುವಿನ ಸೀರಂ ಬಳಸುವುದು ಜೀವಕೋಶ ಬೆಳೆಸುವಾಗ ಮಾತ್ರ, ಆಮೇಲೆ ತೊಳೆದು ತೆಗೆಯುತ್ತಾರೆ, ಲಸಿಕೆಯಲ್ಲಿ ಇರಲ್ಲ ಅಂತ ಆರೋಗ್ಯ ಸಚಿವಾಲಯದವರು ಹೇಳಿದರು. ಅದನ್ನೂ ಓದಿ ಹೇಳಿದೆ. "ನೀನೇ ಅಲ್ವಾ ಮೊದಲು ಕಳಿಸಿದ್ದು?" ಅಂದರು. ಏನು ಹೇಳಲಿ? ಕೊನೆಗೆ ನಮ್ಮ ಬೀದಿ ದೇವಸ್ಥಾನದ ಅರ್ಚಕರು "ಔಷಧಿಗೆ ಮೈಲಿಗೆ ಇಲ್ಲಮ್ಮ, ನಾನೂ ಹಾಕಿಸಿಕೊಂಡೆ" ಅಂದ ಮೇಲೆ ಹೊರಟರು. ತಿಂಗಳು ತಡವಾಗಿ.

ಅಂದ ಹಾಗೆ, ನಾನು ಎಂ.ಎಸ್ಸಿ. ರಸಾಯನಶಾಸ್ತ್ರ. ಅರ್ಚಕರು ಎಸ್ಸೆಸ್ಸೆಲ್ಸಿ.

ಕಡಲತಡಿ · 11:52

ಸರ್, ನಗಲ್ಲ. ನಿಮಗೆ ಕರು, ನಮಗೆ ಹಂದಿ. 2018ರಲ್ಲಿ ಇಂಡೊನೇಷ್ಯಾದ ಉಲೇಮಾ (ಧರ್ಮಗುರುಗಳ) ಮಂಡಳಿ ದಡಾರ-ರುಬೆಲ್ಲಾ ಲಸಿಕೆ ತಯಾರಿಯಲ್ಲಿ ಹಂದಿಯ ಅಂಶ ಬಳಸಿದ್ದಾರೆ, ಹಾಗಾಗಿ ಹರಾಮ್ ಅಂದಿತು. ಅದೇ ಉಸಿರಿನಲ್ಲಿ, ಬೇರೆ ಲಸಿಕೆ ಇಲ್ಲ, ಹಾಕಿಸದಿದ್ದರೆ ಮಕ್ಕಳಿಗೆ ಅಪಾಯ, ಆದ್ದರಿಂದ ಹಾಕಿಸಬಹುದು ಅಂತಲೂ ಅಂದಿತು. ಜನ ಮೊದಲ ಅರ್ಧ ಮಾತ್ರ ಕೇಳಿಸಿಕೊಂಡರು. ಅಚೆ ಪ್ರಾಂತ್ಯದಲ್ಲಂತೂ ತೀರ ಕಡಿಮೆ ಮಕ್ಕಳಿಗೆ ಆಯಿತು. ಆ ಲಸಿಕೆ ಹೋದದ್ದು ನಮ್ಮ ಪುಣೆಯಿಂದ.

2017ರ ಫೆಬ್ರುವರಿಯಲ್ಲಿ ಅದೇ ದಡಾರ-ರುಬೆಲ್ಲಾ ಅಭಿಯಾನ ಕರ್ನಾಟಕದಲ್ಲೂ ಬಂದಾಗ ನಮ್ಮ ಕಡೆ ವಾಟ್ಸಪ್‌ನಲ್ಲಿ ಒಂದು ಧ್ವನಿ ಓಡಾಡಿತು. ಯಾರದ್ದು ಅಂತ ಇವತ್ತಿಗೂ ಗೊತ್ತಿಲ್ಲ. ನಮ್ಮ ಜಮಾತಿನಲ್ಲಿ ಒಬ್ಬ ಡಾಕ್ಟರನ್ನು ಕರೆಸಿ ಜುಮಾ ಆದ ಮೇಲೆ ಕೂರಿಸಿದೆವು. ಒಂದೂವರೆ ಗಂಟೆ ಪ್ರಶ್ನೆ. ಮಸೀದಿಯಲ್ಲಿ ಪ್ರವಚನ ಕೊಡುವ ಖತೀಬರು ಏನೂ ಭಾಷಣ ಮಾಡಲಿಲ್ಲ. ಎದ್ದು ಮೊಮ್ಮಗಳ ಕೈ ಹಿಡಿದು ಹೊರಟರು, ಅಷ್ಟೇ.

ಲೆಕ್ಕದ ಪುಟ · ಗುರುವಾರ ಬೆಳಿಗ್ಗೆ 7:00

ಭೂತಾನ್ ಒಂದನ್ನು ಸೇರಿಸಿ. 2021ರ ಮಾರ್ಚ್ 27ಕ್ಕೆ ಕೊರೊನಾ ಲಸಿಕೆ ಶುರು ಮಾಡಿದರು. ದಿನ ಗಳಿಗೆ ನೋಡಿ. ಮೊದಲ ಸೂಜಿ ಅವರ ಪಂಚಾಂಗದ ಮಂಗನ ವರ್ಷದಲ್ಲಿ ಹುಟ್ಟಿದ ಹೆಂಗಸಿಗೆ. ಎರಡು ವಾರ ಚಿಲ್ಲರೆಯಲ್ಲಿ ಹಾಕಿಸಿಕೊಳ್ಳಬೇಕಾದ ದೊಡ್ಡವರಲ್ಲಿ ಶೇ 93ರಷ್ಟು ಮುಗಿಸಿದರು. ಜ್ಯೋತಿಷ್ಯ ಸರಿಯೋ ತಪ್ಪೋ ಅದು ಬೇರೆ ಚರ್ಚೆ, ಅದಕ್ಕೆ ಇನ್ನೊಂದು ಎಳೆ ತೆರೆಯಿರಿ. ಅದೇ ಹೊತ್ತಿಗೆ ಫ್ರಾನ್ಸ್‌ನಲ್ಲಿ ಜನರನ್ನು ಒಪ್ಪಿಸೋಕೆ ಸರ್ಕಾರ ತಲೆ ಕೆಡಿಸಿಕೊಂಡಿತ್ತು. 2018ರ ಒಂದು ಜಾಗತಿಕ ಸಮೀಕ್ಷೆಯಲ್ಲಿ ಅಲ್ಲಿ ಮೂವರಲ್ಲಿ ಒಬ್ಬರು ಲಸಿಕೆ ಸುರಕ್ಷಿತ ಅಂತ ಒಪ್ಪಿರಲಿಲ್ಲ. ಲಸಿಕೆ ವಿಜ್ಞಾನಿ ಪ್ಯಾಶ್ಚರ್ ಹುಟ್ಟಿದ ದೇಶ!

ಹಾಸನದ ಟೀಚರ್ · ಶುಕ್ರವಾರ ರಾತ್ರಿ 8:50

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೆಲ್ಲ ಬರುತ್ತೆ ಅಂದುಕೊಂಡಿರಲಿಲ್ಲ. ನಿನ್ನೆ ಇವತ್ತು ನಡೆದದ್ದು ಹೇಳುತ್ತೇನೆ.

ಯಾರಿಗೂ ಅಂಕ ಹಾಕಲಿಲ್ಲ. 34 ಪುಸ್ತಕವನ್ನೂ ವಾಪಸ್ ಕೊಟ್ಟು, ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂದೆ. ನಿಮಗೆ ಯಾವ ಲಸಿಕೆಯಾದರೂ ತಪ್ಪಿದೆಯಾ, ಯಾಕೆ ತಪ್ಪಿತು, ಒಂದೇ ಸಾಲು ಸಾಕು. ಬಂದದ್ದು ಇವು: "ಅಮ್ಮ ತವರಿಗೆ ಹೋಗಿದ್ದರು." "ಕಾರ್ಡ್ ಇಲಿ ಕಡಿದಿತ್ತು." "ಅಣ್ಣನಿಗೆ ಹಾಕಿದಾಗ ತೊಡೆ ಊದಿತ್ತು, ನನಗೆ ಬೇಡ ಅಂದರು." "ಲಾಕ್‌ಡೌನ್ ಇತ್ತು." "ಅವತ್ತು ಹೋದಾಗ ಖಾಲಿ ಆಗಿತ್ತು, ಬೈದು ಕಳಿಸಿದರು." 34ರಲ್ಲಿ 11 ಮಕ್ಕಳಿಗೆ ಒಂದಾದರೂ ತಪ್ಪಿದೆ. ಅನಕ್ಷರತೆ ಅಂತ ಬರೆದುಕೊಂಡು ಬಂದವರು ಒಬ್ಬರೂ ಇಲ್ಲ. ಪಕ್ಕದ ಮನೆಯವರ ಬಗ್ಗೆ ಬರೆಯೋಕೆ ಹೇಳಿದ್ದರೆ ಬರುತ್ತಿತ್ತೋ ಏನೋ!

ಧರ್ಮದ ಹೆಸರು ಬರೆದಿದ್ದ ನಾಲ್ವರಲ್ಲಿ ಒಬ್ಬನದೇ ತಪ್ಪಿತ್ತು. ಇಲಿ ಕಡಿದ ಕಾರ್ಡ್ ಅವನದೇ.

ಅಕ್ಕಿ ಡಬ್ಬದ ಹುಡುಗಿಗೆ ಕೊನೆಗೆ ಎಂಟು ಕೊಡಬೇಕು ಅಂದುಕೊಂಡಿದ್ದೇನೆ. ಎರಡು ಕಾಗುಣಿತಕ್ಕೆ ಕಳೆದೆ. ಅವಳು ಇವತ್ತು ಊಟದ ಬಿಡುವಿನಲ್ಲಿ ಬಂದು ಒಂದು ಕೇಳಿದಳು. ಚಿಕ್ಕಪ್ಪನ ಪಾಪುಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ಈಗ ಹಾಕಿಸಬಹುದಾ ಅಂತ ಚಿಕ್ಕಮ್ಮ ಕೇಳಿ ಅಂದಿದ್ದಾರಂತೆ. ಚಿಕ್ಕಪ್ಪನಿಗೆ ಗೊತ್ತಿಲ್ಲದೆ ಕೇಳಿದ್ದಂತೆ. ಇಷ್ಟು ತಡ ಮಾಡಿ ಹೋದರೆ ಆಸ್ಪತ್ರೆಯಲ್ಲಿ ಬೈಯುತ್ತಾರೆ ಅನ್ನುವ ಹೆದರಿಕೆ ಬೇರೆ.

ಗುರುವಾರದ ಸಿಸ್ಟರ್ · 9:20

ಹಾಕಿಸಬಹುದು ಟೀಚರ್. ಪೆಂಟಾ ಶುರು ಮಾಡುವ ವಯಸ್ಸು ದಾಟಿದೆ, ಅದರ ಬದಲು ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಹಾಕುತ್ತಾರೆ, ಅದು ಏಳು ವರ್ಷದವರೆಗೂ ಆಗುತ್ತೆ. ದಡಾರದ್ದು ಐದು ವರ್ಷದವರೆಗೆ, ತಿಂಗಳ ಅಂತರದಲ್ಲಿ ಎರಡು. ಪೋಲಿಯೊ ಹನಿಯೂ ಐದರವರೆಗೆ. ಕಾರ್ಡ್ ಇದ್ದರೆ ತರಲಿ, ಇಲ್ಲದಿದ್ದರೆ ಹೊಸದು ಮಾಡಿಕೊಡುತ್ತಾರೆ. ಒಂದೇ ದಿನ ಎರಡು ಮೂರು ಕಡೆ ಚುಚ್ಚಬಹುದು, ರಾತ್ರಿ ಜ್ವರ ಬರುತ್ತೆ, ಮೊದಲೇ ಹೇಳಿಬಿಡಿ. ಅಲ್ಲಿನ ಸಿಸ್ಟರ್ ಬೈದರೆ ಕಿವಿಗೆ ಹಾಕಿಕೊಳ್ಳಬೇಡಿ ಅನ್ನಿ. ನಾವು ಬೈಯುವುದು ಜಾಸ್ತಿ, ನಿಜ. ಎಷ್ಟು ಮಕ್ಕಳನ್ನು ಬೈದೇ ಕಳೆದುಕೊಂಡಿದ್ದೇವೋ.

ಸೈಕಲ್ ಮಾವ · 9:31

ಅಜ್ಜಿಯನ್ನು ಜೊತೆಗೆ ಕಳಿಸಿ. ಅವರಿಗೆ ದಾರಿ ಗೊತ್ತು.

ಹಾಸನದ ಟೀಚರ್ · 9:40

ಆಯ್ತು ಮಾವ. ಗುರುವಾರ ಆದ ಮೇಲೆ ಬಂದು ಹೇಳುತ್ತೇನೆ.